ತೊಡೆಯ ಅಳತೆ

ಫೆಂಗ್ಯುವಾನ್, ತೈಚುಂಗ್

ಪ್ರೀತಿಯ ಅಪ್ಪನಿಗೆ,

ಬಾಣಂತಿ ಕಣ್ಣಿಗೆ ಆಯಾಸ ಮಾಡಿಕೊಳ್ಳಬಾರದೆಂದು ಅತ್ತೆ ಪೆನ್ನು ಕಿತ್ತಿಟ್ಟಿದ್ದರು. ಅವರು ನನ್ನ ಬಾಣಂತನದ ಎಳ್ಳೆಣ್ಣೆ ಕೋಳಿ ಬೇಯಿಸಲು ಹೋಗಿರುವಾಗ ಇದನ್ನು ಬರೆಯುತ್ತಿದ್ದೇನೆ.

ನನ್ನ ಹಾಲು ಮಗಳಿಗೆ ಸಾಲುತ್ತಿಲ್ಲವೆಂಬ ಭಯ ಹಿಡಿದಿತ್ತು. ನಿಮ್ಮ ಲೇತ್ ಅಂಗಡಿಯಿಂದ ತಂದಿದ್ದ ಡಿಜಿಟಲ್ ಕ್ಯಾಲಿಪರ್‌ನಲ್ಲಿ ದಿನವೂ ಅವಳ ತೊಡೆಯನ್ನು ಅದರ ಬಾಯಿಯ ನಡುವೆ ಹಿಡಿದು ದಪ್ಪ ಅಳೆಯುತ್ತಿದ್ದೆ. ನಿನ್ನೆ ಒಂದು ಮಿಲಿಮೀಟರ್ ಕಡಿಮೆ ಬಂತು. ಕ್ಯಾಲಿಪರ್ ಬಾಯಿ ಒರೆಸಿ, ಸೊನ್ನೆಗೆ ತಂದು ಮತ್ತೆ ಅಳೆದೆ. ಇನ್ನೂ ಕಡಿಮೆ. ಅತ್ತುಬಿಟ್ಟೆ.

ನನ್ನ ಗಂಡ ನಗುತ್ತಾನೆ. "ಮಾರಾಯ್ತಿ, ಇದೇನು ನಿಮ್ಮಪ್ಪನ ಶಾಫ್ಟಾ? ಅಳತೆ ತಪ್ಪಿದ್ರೆ ವಾಪಸ್ ಕಳಿಸ್ತೀಯಾ?"

ಆಮೇಲೆ ನೀವು ಕೊಟ್ಟ ಡಯಲ್ ಕ್ಯಾಲಿಪರ್ ತೆಗೆದೆ. ಅದರ ಮುಳ್ಳು ನಿಲ್ಲಲೇ ಇಲ್ಲ. ಅವಳು ಒದ್ದರೆ ಏರುತ್ತಿತ್ತು, ನಾನು ಹೆಬ್ಬೆರಳು ಒತ್ತಿದಷ್ಟೂ ಇಳಿಯುತ್ತಿತ್ತು. ಹೆದರಿಕೆ ಹೆಚ್ಚಿದಂತೆ ನಾನೇ ಗಟ್ಟಿಯಾಗಿ ಒತ್ತುತ್ತಿದ್ದೆ ಅಪ್ಪಾ. "ರಬ್ಬರನ್ನ ಹಿಸುಕಿ ಅಳೀಬೇಡ ಕಣೇ" ಅಂತ ಅಂಗಡಿಯಲ್ಲಿ ನೀವು ನನಗೆ ಎಷ್ಟು ಸಲ ಬೈದಿಲ್ಲ!

ಇವತ್ತು ಬಂದ ದಾದಿ ತೂಕ ನೋಡಿ, ಚೆನ್ನಾಗಿ ಬೆಳೆಯುತ್ತಿದ್ದಾಳೆ ಎಂದರು. ಆದರೂ ನನಗೆ ಕಣ್ಣು ಮುಚ್ಚಲು ಧೈರ್ಯವಿಲ್ಲ.

ನನ್ನ ಕೈಯೆಲ್ಲ ಎಣ್ಣೆ, ಒರಟು, ಮಗುವಿಗೆ ತಿಂಗಳು ತುಂಬಲಿ, ಆಮೇಲೆ ಬರುತ್ತೇನೆ ಎಂದು ನೀವು ಹೇಳಿದ್ದೀರಿ. ಅಷ್ಟು ಕಾಯಬೇಡಿ. ಈ ಭಾನುವಾರವೇ ಬನ್ನಿ. ಎಷ್ಟು ಮೆತ್ತಗೆ ಹಿಡಿಯಬೇಕೆಂದು ಆ ಕೈಗೆ ಗೊತ್ತು. ನೀವು ಅವಳನ್ನು ಎತ್ತಿಕೊಂಡು ಪಕ್ಕದಲ್ಲಿ ಕೂತರೆ ನಾನು ಸ್ವಲ್ಪ ಹೊತ್ತು ಮಲಗುತ್ತೇನೆ.

ನಿಮ್ಮ ಮಗಳು,
ಪೇಯ್-ಯೂ