ಮೂರನೆಯ ಪ್ರತಿ

ತೈತುಂಗ್, ತೈವಾನ್
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ನಿನ್ನ ಹೊಟ್ಟೆ ಹೇಗಿದೆ ಅನ್ನುವುದನ್ನು ಮೊದಲು ಹೇಳು, ಉಳಿದದ್ದೆಲ್ಲ ಆಮೇಲೆ. ಬಿಯೆನ್ ಹೋವಾದಲ್ಲಿ ಈಗಲೇ ಬೆವರು ಕಿತ್ತುಕೊಂಡು ಬರುವ ಸೆಕೆಯಂತೆ, ಅಲ್ಲಿನ ಕಾಫಿ ಡಾಂಬರಿನಷ್ಟು ಗಟ್ಟಿಯಂತೆ, ಅದನ್ನು ನೀನು ಹೊತ್ತು ಗೊತ್ತಿಲ್ಲದೆ ಏರಿಸುತ್ತೀಯಂತೆ. ಅತ್ತಿಗೆ ಎಲ್ಲ ವರದಿ ಒಪ್ಪಿಸಿದ್ದಾರೆ. ಹೊಟ್ಟೆಯಲ್ಲಿ ಹುಣ್ಣು ಇಟ್ಟುಕೊಂಡವನು ಮಾಡುವ ಕೆಲಸವೇ ಇದು? ಬೆಳಿಗ್ಗೆ ಗಂಜಿ ಕುಡಿ. ವಿಯೆಟ್ನಾಮಿನಲ್ಲಿ ಅಕ್ಕಿಗೇನು ಬರವಿಲ್ಲವಲ್ಲ. ಅಮ್ಮ ಇದ್ದಿದ್ದರೆ ವಿಮಾನ ಹತ್ತಿ ಬಂದು ನಿನ್ನ ಕೈಯಿಂದ ಲೋಟ ಕಿತ್ತುಕೊಳ್ಳುತ್ತಿದ್ದಳು. ಅವಳಿಗೆ ವಿಮಾನವೆಂದರೆ ಎಷ್ಟು ಭಯವಿತ್ತು ಅನ್ನುವುದು ಬೇರೆ ಮಾತು. ದೊಡ್ಡ ಹುದ್ದೆ ಸಿಕ್ಕಿದೆ, ಕೈಕೆಳಗೆ ಜನ ಇದ್ದಾರೆ ಅಂತ ಕೇಳಿದೆ. ವರ್ಷಗಟ್ಟಲೆ ಪರರ ಯಂತ್ರಗಳ ಕೆಳಗೆ ಅಂಗಾತ ಮಲಗಿ ಗ್ರೀಸು ಬಳಿದುಕೊಂಡವನು ನೀನು. ನಿನಗೆ ಒಳ್ಳೆಯದಾಗಲಿ ಅಂತ ನಾನು ದೇವಸ್ಥಾನಕ್ಕೆ ಹೋದಾಗಲೆಲ್ಲ ಕೇಳಿಕೊಂಡಿದ್ದೇನೆ.

ನಾನೂ ಚೆನ್ನಾಗಿದ್ದೇನೆ ಅಂತ ಬರೆಯುವುದು ಪದ್ಧತಿ, ಬರೆದಿದ್ದೇನೆ ಅಂದುಕೋ. ಈ ವಾರ ಇಲ್ಲೊಂದು ಬಿಸಿನೀರಿನ ಬುಗ್ಗೆಯ ಹೋಟೆಲಿನವರಿಗೆ ಜಾಹೀರಾತು ತೆಗೆಯುತ್ತಿದ್ದೇನೆ. ಬುಗ್ಗೆಯಲ್ಲಿ ಹಬೆ ಸಾಲದು ಅಂತ ಯಜಮಾನರ ದೂರು, ಅದಕ್ಕೆ ಕ್ಯಾಮೆರಾಕ್ಕೆ ಕಾಣದ ಹಾಗೆ ಎರಡು ಕೆಟಲುಗಳಲ್ಲಿ ನೀರು ಕುದಿಸುತ್ತಿದ್ದೇನೆ. ಕಳೆದ ವಾರ ಚಿಯಾಯಿಯಲ್ಲಿ ಒಂದು ಮದುವೆ, ಮುಂದಿನ ವಾರ ಪೆಂಗ್‌ಹುನಲ್ಲಿ ಯಾರದೋ ಸೀಗಡಿ ಕೊಳ. ಹೊಟ್ಟೆಪಾಡಿಗೆ ಇವು, ಮನಸ್ಸಿಗೆ ಆ ಒಂದು ಚಿತ್ರ. ಅದರ ಡಿಸ್ಕು ಈಗಲೂ ನನ್ನ ಸೊಂಟದ ಚೀಲದಲ್ಲೇ ಇದೆ. ಬುಗ್ಗೆಗೆ ಇಳಿದಾಗಲೂ ಬಿಚ್ಚಿಡಲಿಲ್ಲ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲೆ ಟವೆಲಿನೊಳಗೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನಗೆ ಬುದ್ಧಿ ಸರಿಯಿಲ್ಲ ಅಂತ ತೀರ್ಮಾನಿಸಿ ಆಚೆ ಸರಿದರು. ಮೊಟ್ಟೆಗೆ ಕೂತ ಕೋಳಿ ಅಂತ ನೀನು ನನ್ನನ್ನು ಆಡಿಕೊಳ್ಳುತ್ತಿದ್ದೆಯಲ್ಲ, ನೋಡಿದ್ದರೆ ಇನ್ನೂ ನಗುತ್ತಿದ್ದೆ. ಊರೂರು ತಿರುಗುವ ನನ್ನಂಥವಳಿಗೆ ಆಫೀಸಿಲ್ಲ, ಕಬ್ಬಿಣದ ಬೀರುವಿಲ್ಲ. ಇರುವುದು ಒಂದೇ ನಿಯಮ: ಎರಡು ಪ್ರತಿಗಳು ಒಂದೇ ಸೂರಿನ ಕೆಳಗೆ ಮಲಗಬಾರದು. ಒಂದು ನನ್ನ ಮೈಮೇಲೆ, ಒಂದು ನನ್ನ ಚಿತ್ರಗಳಿಗೆ ಧ್ವನಿ ಮುದ್ರಿಸುವ ಬೋ-ರುಯಿಯ ಹತ್ತಿರ, ಮೂರನೆಯದು ನಿನ್ನ ಮನೆಯಲ್ಲಿ. ಮೂರರಲ್ಲಿ ನಿನ್ನ ಮನೆಯದರ ಬಗ್ಗೆಯೇ ನಾನು ಅತ್ಯಂತ ನಿಶ್ಚಿಂತೆಯಿಂದ ಇದ್ದದ್ದು.

ಆ ಚಿತ್ರದಲ್ಲಿ ಏನಿದೆ ಅಂತ ನಿನಗೆ ಬಾಯಿಬಿಟ್ಟು ಪೂರ್ತಿ ಹೇಳಿರಲಿಲ್ಲ. ನಮ್ಮೂರ ಕಾಲುವೆಯ ಆಚೆಯ ಸ್ಕ್ರೂ ಕಾರ್ಖಾನೆಯಲ್ಲಿ ಕಬ್ಬಿಣವನ್ನು ಆ್ಯಸಿಡ್‌ನಿಂದ ತೊಳೆಯುವ ಷೆಡ್ಡಿದೆಯಲ್ಲ, ರಿಪೇರಿಗೆ ಹೋದಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೂ ತಡೆಯಲಾಗಲಿಲ್ಲ ಅಂತ ನೀನು ಹೇಳಿದ್ದೆ, ಅಲ್ಲೇ ಆಯುಷ್ಯ ಕಳೆದ ನಾಲ್ವರು ಹೆಂಗಸರು ನನ್ನ ಮುಂದೆ ಕೂತು ಮಾತಾಡಿದ್ದಾರೆ. ತೊಳೆದ ನೀರನ್ನು ಯಾರ ಅಪ್ಪಣೆಯ ಮೇಲೆ ಗದ್ದೆಯ ಕಾಲುವೆಗೆ ಬಿಡುತ್ತಿದ್ದರು ಅಂತ ಹೆಸರು ಹಿಡಿದು ಹೇಳಿದ್ದಾರೆ. ಅವರಲ್ಲಿ ಚಾಯ್-ಫೆಂಗ್ ಅತ್ತೆಯ ಗಂಟಲು ಸುಟ್ಟುಹೋಗಿದೆ, ಪಿಸುಮಾತೇ ಅವರ ಮಾತು. ಅವರ ಮಗ ಯುಂಗ್-ಚಿ ಈಗಲೂ ಅದೇ ಕಾರ್ಖಾನೆಯಲ್ಲಿ ಸರಕು ಎತ್ತುವ ಗಾಡಿ ಓಡಿಸುತ್ತಾನೆ. ಅದಕ್ಕೇ ಮುಖ ಮಸುಕು ಮಾಡಿ ತೋರಿಸುತ್ತೇನೆ ಅಂತ ನಾನು ಮಾತು ಕೊಟ್ಟದ್ದು. ಕತ್ತಲಲ್ಲಿ ಕೂರಿಸಿ ತೆಗೆಯಲಾ ಅಂತ ಕೇಳಿದ್ದಕ್ಕೆ ಅತ್ತೆ ಒಪ್ಪಲಿಲ್ಲ. "ಈಗ ಸರಿಯಾಗಿ ತೆಗಿಯಮ್ಮ. ನಾನು ಸತ್ತ ಮೇಲೆ ಮುಖ ತೋರಿಸು. ಅಲ್ಲೀವರೆಗೂ ಬಚ್ಚಿಡು, ಅದು ನಿನ್ನ ಜವಾಬ್ದಾರಿ" ಅಂದರು. ಹಾಗಾಗಿ ಮೂರೂ ಪ್ರತಿಗಳಲ್ಲಿ ನಾಲ್ವರ ಮುಖವೂ ಬೆಳಕಿನಲ್ಲಿ, ನೆರಿಗೆ ಎಣಿಸುವಷ್ಟು ಸ್ಪಷ್ಟವಾಗಿದೆ.

ಹೊಸ ವರ್ಷದ ರಜೆ ಮುಗಿದ ಮೇಲೆ ಕಾರ್ಖಾನೆಯ ಮ್ಯಾನೇಜರು ಯುಂಗ್-ಚಿಯನ್ನು ಕೋಣೆಗೆ ಕರೆದು ಚಹಾ ಕೊಟ್ಟರಂತೆ. ಮ್ಯಾನೇಜರ ಕೈಯಿಂದ ಚಹಾ ಬಂದಾಗಲೇ ಏನೋ ಕೇಡು ಕಾದಿದೆ ಅಂತ ಅವನಿಗೆ ಗೊತ್ತಾಯಿತಂತೆ. "ನಿಮ್ಮಮ್ಮ ಕ್ಯಾಮೆರಾ ಮುಂದೆ ಚೆನ್ನಾಗಿ ಮಾತಾಡ್ತಾರಲ್ಲಪ್ಪ. ಆ ನೀಲಿ ಹೂವಿನ ಅಂಗಿ ಅವರಿಗೆ ಒಪ್ಪುತ್ತೆ" ಅಂತಷ್ಟೇ ಹೇಳಿ ಕಳಿಸಿದರು. ಮಾರನೆಯ ದಿನ ಅವನನ್ನು ಗಾಡಿಯಿಂದ ಇಳಿಸಿ ಆ್ಯಸಿಡ್ ಷೆಡ್ಡಿಗೆ ಹಾಕಿದರು. ಯಾವ ಷೆಡ್ಡು ತಾಯಿಯ ಗಂಟಲು ತಿಂದಿತೋ ಅದೇ ಷೆಡ್ಡಿಗೆ, ಅಣ್ಣಾ. ಕೆಲಸ ಬಿಟ್ಟರೆ ಇನ್ನೆಲ್ಲೂ ಸಿಗದ ಹಾಗೆ ಮಾಡುತ್ತೇವೆ ಅನ್ನುವುದನ್ನು ಹೇಳದೆಯೇ ಹೇಳಿದ್ದಾರೆ. ಅತ್ತೆ ನನಗೆ ಫೋನ್ ಮಾಡಿದರು. ಮೊದಲು ಊಟ ಆಯ್ತಾ ಅಂತ ಕೇಳಿದರು. ಆಮೇಲೆ, "ನೀನು ಯಾರಿಗೆ ತೋರಿಸ್ದೆ ಹೇಳು. ಬೈಯೋಕಲ್ಲ, ತಿಳ್ಕೊಳ್ಳೋಕೆ ಕೇಳ್ತಿದೀನಿ" ಅಂದರು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಯಾರಿಗೂ ತೋರಿಸಿಲ್ಲ ಅಂದೆ. ಅವರು ನಂಬಿದರೋ ಇಲ್ಲವೋ ನನಗೆ ತಿಳಿಯದು.

ಆ ಅಂಗಿಯನ್ನು ಅವರು ತೊಟ್ಟದ್ದು ಚಿತ್ರೀಕರಣದ ದಿನ ಮಾತ್ರ. ಅಂದರೆ ಯಾರೋ ಡಿಸ್ಕು ನೋಡಿದ್ದಾರೆ. ಅಂದಿನಿಂದ ನನಗೆ ಕಂಡವರೆಲ್ಲ ಕಳ್ಳರೇ. ಅನುಮಾನ ನನಗೆ ಹುಟ್ಟುಗುಣ ಅಂತ ನೀನು ಹೇಳುತ್ತಿದ್ದೆ. ಚಿಕ್ಕವಳಿದ್ದಾಗ ತಟ್ಟೆಯ ಡಂಪ್ಲಿಂಗು ಎಣಿಸಿಟ್ಟು ಸ್ನಾನಕ್ಕೆ ಹೋಗುತ್ತಿದ್ದವಳಲ್ಲವೇ ನಾನು. ಈಗ ಅದು ರೋಗವಾಗಿದೆ. ರೈಲಿನಲ್ಲಿ ಒಬ್ಬ ನಿದ್ದೆಗಣ್ಣಿನಲ್ಲಿ ನನ್ನ ಚೀಲಕ್ಕೆ ಒರಗಿದ, ಅವನು ಇಳಿಯುವ ನಿಲ್ದಾಣದವರೆಗೂ ಅವನ ಕೈಬೆರಳು ಕಾಯುತ್ತಾ ಕೂತೆ. ವಸತಿಗೃಹದ ಯಜಮಾನಿ ಹಾಸಿಗೆ ಬದಲಾಯಿಸಲು ಬಂದರೆ ಬಾಗಿಲಲ್ಲೇ ನಿಂತು ನಾನೇ ಬದಲಾಯಿಸಿಕೊಳ್ಳುತ್ತೇನೆ ಅಂದೆ. ಪಾಪ, ಆಕೆ ನನ್ನ ಕೈಗೆ ಸೀಬೆಹಣ್ಣು ಕೊಟ್ಟು ಹೋದಳು. ಅದನ್ನೂ ಎರಡು ಸಲ ತಿರುಗಿಸಿ ನೋಡಿ ತಿಂದೆ. ಆದರೆ ನನ್ನ ಪ್ರತಿ ಸೊಂಟ ಬಿಟ್ಟು ಅಲುಗಿಲ್ಲ. ಲೆಕ್ಕಕ್ಕೆ ಉಳಿದದ್ದು ಎರಡೇ ಮನೆ. ಮೊದಲು ಬೋ-ರುಯಿಯ ಮನೆ.

ಬೋ-ರುಯಿಯನ್ನು ಕಾವ್‌ಶಿಯುಂಗ್‌ನಲ್ಲಿ ಅವನ ಮನೆ ಕೆಳಗಿನ ತಿಂಡಿ ಅಂಗಡಿಗೆ ಕರೆದೆ. ಡಿಸ್ಕಿನ ಪೆಟ್ಟಿಗೆ ತಗೊಂಡು ಬಾ ಅಂದಾಗಲೇ ಅವನಿಗೆ ಅರ್ಥವಾಗಿತ್ತು. ಸೋಯಾ ಹಾಲು ಆರುತ್ತಿತ್ತು, ಅವನು ಮುಟ್ಟಲಿಲ್ಲ. ಪೆಟ್ಟಿಗೆಯ ಸುತ್ತ ನಾನು ಅಂಟಿಸಿದ್ದ ಟೇಪು, ಟೇಪಿನ ಮೇಲೆ ಅಡ್ಡಡ್ಡ ಹಾಕಿದ್ದ ನನ್ನ ಸಹಿ, ಎಲ್ಲ ಹಾಗೇ ಇತ್ತು. ಆದರೂ ನಾನು ಬಿಚ್ಚಿಸಿದೆ. ಒಳಗೆ ಡಿಸ್ಕಿನ ಮೇಲೆ ನಾನೇ ಇಟ್ಟಿದ್ದ ಹಸಿರು ತಿಂಡಿ ಪೊಟ್ಟಣ, ಅವಧಿ ಮುಗಿದು ವಾರಗಳಾಗಿದ್ದವು. ಇಲ್ಲಿನ ಯಂತ್ರದ ಕೆಲಸದವರೆಲ್ಲ ನಂಬುವ ಈ ಶಾಸ್ತ್ರ ನಿನ್ನಿಂದಲೇ ಕಲಿತದ್ದು. ಯಂತ್ರ ಕೈಕೊಡಬಾರದು ಅಂದರೆ ಹಸಿರು ಪೊಟ್ಟಣವೇ ಆಗಬೇಕು, ಕೆಂಪು ಹಳದಿ ಕೂಡದು, ಯಾರೂ ಅದನ್ನು ತಿನ್ನಬಾರದು, ಎಲ್ಲಕ್ಕಿಂತ ಮುಖ್ಯವಾಗಿ ತಾರೀಖು ಮೀರಿರಬಾರದು ಅಂತ ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಪಾಠ ಹೇಳಿದ್ದೆ. ನಿಮ್ಮಿಬ್ಬರಿಗೆ ಕೊಟ್ಟ ಪ್ರತಿಗಳಿಗೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡು ಇಟ್ಟಿದ್ದೆ. ಬೋ-ರುಯಿಯದು ಹಳೆಯದೇ ಇತ್ತು, ಅಂದರೆ ಅವನು ಪೆಟ್ಟಿಗೆ ಬಿಚ್ಚಿಯೇ ಇಲ್ಲ. ನನಗೆ ಹೋದ ಜೀವ ಬಂದಂತಾಗಿ ನಕ್ಕುಬಿಟ್ಟೆ. ಅವನು ನಗಲಿಲ್ಲ. "ನನ್ ಮೇಲೆ ಅನುಮಾನ ಪಡೋದು ನಿಂಗೆ ಇಷ್ಟು ಸಲೀಸಾಯ್ತಲ್ಲಕ್ಕ" ಅಂದ. ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿ ಎದ್ದುಹೋದ. ಎಷ್ಟೋ ಬೆಟ್ಟಗಳನ್ನು ಜೊತೆಗೆ ಹತ್ತಿದವನು, ನನ್ನ ಜ್ವರಕ್ಕೆ ಔಷಧಿ ತರಲು ಮಳೆಯಲ್ಲಿ ಓಡಿದವನು. ಈಗ ನನ್ನ ಫೋನು ಎತ್ತುವುದಿಲ್ಲ.

ಅಲ್ಲಿಂದ ನೇರ ನಿನ್ನ ಮನೆಗೆ ಹೋದೆ. ಅತ್ತಿಗೆ ಮೀನಿನ ಗಂಜಿ ಮಾಡಿದ್ದರು. ಗೋಡೆ ಬೀರುವಿನ ಮೇಲಿಂದ ನಾನು ಡಿಸ್ಕು ಇಟ್ಟಿದ್ದ ನಿಮ್ಮ ಮದುವೆಯ ಬಿಸ್ಕತ್ತಿನ ಡಬ್ಬಿ ಇಳಿಸಿಕೊಟ್ಟರು. ಟೇಪು ನನ್ನದರಂತೆಯೇ ಇತ್ತು, ಸಹಿಯೂ ನನ್ನದರಂತೆಯೇ ಇತ್ತು. ಚಿಕ್ಕಂದಿನಲ್ಲಿ ನನ್ನ ಶಾಲೆಯ ಪ್ರಗತಿಪತ್ರಕ್ಕೆ ಅಪ್ಪನ ಸಹಿ ಹಾಕಿಕೊಡುತ್ತಿದ್ದವನು ಯಾರು ಅನ್ನುವುದು ನಮ್ಮಿಬ್ಬರಿಗೇ ಗೊತ್ತು. ಮುಚ್ಚಳ ತೆಗೆದೆ. ಒಳಗೆ ಹಸಿರು ಪೊಟ್ಟಣ ಹೊಸದು, ಗಾಳಿ ತುಂಬಿಕೊಂಡು ಉಬ್ಬಿತ್ತು, ತಾರೀಖು ಮುಂದಿನ ಚಳಿಗಾಲದವರೆಗೂ ಇತ್ತು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಅತ್ತಿಗೆ, "ಅದಾ, ನಿಮ್ಮಣ್ಣ ವಿಯೆಟ್ನಾಮಿಗೆ ಹೊರಡೋ ಮುಂಚೆ ಬದಲಾಯಿಸಿದ್ರು. ತಾರೀಖು ಮೀರಿದ್ದು ಇಟ್ಕೊಂಡು ಕಂಪ್ಯೂಟರಿಗೆ ಹಾಕಿದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ ಅಂತ ರಾತ್ರೋರಾತ್ರಿ ಅಂಗಡಿಗೆ ಓಡಿದ್ರು" ಅಂದರು. ಹೆಮ್ಮೆಯಿಂದಲೇ ಅಂದರು. ತಂಗಿಯ ಕೆಲಸದ ಮೇಲೆ ಅಣ್ಣನಿಗೆ ಎಷ್ಟು ಕಾಳಜಿ ಅನ್ನುವ ಹೆಮ್ಮೆ. ಆಮೇಲೆ ನೀನು ಕಳಿಸಿದ ಫೋಟೋ ತೋರಿಸಿದರು. ಬಿಯೆನ್ ಹೋವಾದ ಹೊಸ ಗೇಟಿನ ಮುಂದೆ ನಿಂತಿದ್ದೀಯ, ಸೊರಗಿದ್ದೀಯ. ಯಾವ ಕಂಪನಿಯ ಶಾಖೆ ಅಂತ ನೀನು ನನಗೆ ಹೇಳಿರಲೇ ಇಲ್ಲ. ಅಂಗಿಯ ಜೇಬಿನ ಮೇಲಿದ್ದ ಗುರುತು ನಮ್ಮ ಕಾಲುವೆಯ ಆಚೆಯ ಕಾರ್ಖಾನೆಯ ಗೋಡೆಯ ಮೇಲೂ ಇದೆ.

ನಾನು ಎರಡು ಬಟ್ಟಲು ಗಂಜಿ ಕುಡಿದೆ, ತುಂಬ ಚೆನ್ನಾಗಿತ್ತು ಅಂದೆ, ಡಬ್ಬಿ ತೆಗೆದುಕೊಂಡು ಬಂದೆ. ಅತ್ತಿಗೆಗೆ ಏನೂ ಗೊತ್ತಿಲ್ಲ ಅಂತ ನನ್ನ ಅಂದಾಜು. ಅದನ್ನೂ ಅಂದಾಜು ಅಂತ ಬರೆಯಬೇಕಾಗಿದೆಯಲ್ಲ ಅಂತ ನನಗೇ ಅಸಹ್ಯವಾಗುತ್ತಿದೆ. ಅವರ ಮೇಲೆ ಸಿಟ್ಟಾಗಬೇಡ, ಅವರಿಗೆ ಈ ಕಾಗದದ ಸುದ್ದಿ ಎತ್ತಬೇಡ.

ಮುಂದಿನ ತಿಂಗಳು ಹಿರಿಯರ ಸಮಾಧಿ ಗುಡಿಸುವ ಹಬ್ಬ. ನೀನು ಬರಲಾಗುವುದಿಲ್ಲ ಅಂತ ಅತ್ತಿಗೆ ಹೇಳಿದರು. ನಾನು ಹೋಗುತ್ತೇನೆ, ಅಪ್ಪ ಅಮ್ಮನ ಕಲ್ಲಿನ ಸುತ್ತ ಬೆಳೆದ ಹುಲ್ಲು ಕಿತ್ತು, ಇಬ್ಬರ ಪರವಾಗಿಯೂ ಊದುಬತ್ತಿ ಹಚ್ಚುತ್ತೇನೆ. ಅಮ್ಮನಿಗೆ ಇಷ್ಟದ ಕಡಲೆಕಾಯಿ ಮಿಠಾಯಿ ಇಡುತ್ತೇನೆ. ನಿನ್ನ ಬಗ್ಗೆ ಅವರಿಗೆ ಏನು ಹೇಳಬೇಕು ಅನ್ನುವುದನ್ನು ಇನ್ನೂ ಯೋಚಿಸಿಲ್ಲ.

ಮೈ ಕಡೆ ನೋಡಿಕೋ. ಔಷಧಿ ತಪ್ಪಿಸಬೇಡ. ಹಿರಿಯರ ಆಶೀರ್ವಾದ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಆ-ಯಿನ್

ಮರೆತಿದ್ದು: ಹೋಟೆಲಿನವರ ವ್ಯಾನು ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಯಾಕೆ ಮಾಡಿದೆ ಅಂತ ನಾನು ಕೇಳುವುದಿಲ್ಲ, ನೀನೂ ಬರೆಯಬೇಡ. ನಿನ್ನನ್ನು ಹೆದರಿಸಿದ್ದರೋ, ಆಸೆ ತೋರಿಸಿದ್ದರೋ, ಅದನ್ನೆಲ್ಲ ಕೇಳಿ ಅಳುವುದಕ್ಕೆ ಆಮೇಲೆ ಆಯುಷ್ಯವಿದೆ. ಫೋನು ಮಾಡಬೇಡ. ನಿನ್ನ ಧ್ವನಿ ಕೇಳಿದರೆ ನೀನು ಏನು ಹೇಳಿದರೂ ನಂಬಿಬಿಡುತ್ತೇನೆ. ನನಗೆ ಬೇಕಾದದ್ದು ಇಷ್ಟೇ: ಕಾರ್ಖಾನೆಯವರಿಗೆ ಚಾಯ್-ಫೆಂಗ್ ಅತ್ತೆ ಮಾತಾಡುವ ಭಾಗವನ್ನಷ್ಟೇ ಕೊಟ್ಟೆಯೋ, ನಾಲ್ವರದ್ದನ್ನೂ ಕೊಟ್ಟೆಯೋ? ಉಳಿದ ಮೂವರಲ್ಲಿ ಇಬ್ಬರ ಮಕ್ಕಳು ಅಲ್ಲೇ ದುಡಿಯುತ್ತಾರೆ, ಒಬ್ಬರ ಗಂಡ ಗೇಟು ಕಾಯುತ್ತಾರೆ. ಅವರನ್ನು ಇನ್ನೂ ಯಾರೂ ಚಹಾಕ್ಕೆ ಕರೆದಿಲ್ಲ. ಈ ಕಾಗದದ ಫೋಟೋವನ್ನು ಈಗಲೇ ನಿನ್ನ ಫೋನಿಗೆ ಕಳಿಸುತ್ತಿದ್ದೇನೆ, ಓದಿದ ಕೂಡಲೇ ಒಂದು ಹಾಳೆಯಲ್ಲಿ ಹೆಸರುಗಳನ್ನು ಮಾತ್ರ ಬರೆದು, ಅದರ ಫೋಟೋ ತೆಗೆದು ಕಳಿಸು. ನಿನ್ನ ಹಾಳೆ ಬರುವವರೆಗೂ ನಾನು ಕಾಯುವುದಿಲ್ಲ, ಆ ಮೂವರನ್ನು ಎಚ್ಚರಿಸಲು ಸಂಜೆಯ ರೈಲಿಗೆ ಹೊರಡುತ್ತೇನೆ. ಯಾವ ಮನೆಯ ಬಾಗಿಲು ಮೊದಲು ತಟ್ಟಬೇಕು ಅನ್ನುವುದು ಮಾತ್ರ ನಿನ್ನ ಕೈಯಲ್ಲಿದೆ.