ಮತಗಟ್ಟೆ ನೂರಾ ಹದಿನೆಂಟರ ಒಂದು ವೋಟು

ಬಾಂಗ್ಸಾರ್, ಕೌಲಾಲಂಪುರ
೪ ಜೂನ್ ೨೦೨೩, ಭಾನುವಾರ

ಲಿನೆಟ್,

ಮೇಲೆ ‘ಪ್ರೀತಿಯ’ ಎಂದು ಬರೆಯಲು ಮರೆತಿಲ್ಲ. ಬರೆದಿದ್ದೆ. ಆ ಹಾಳೆ ಹರಿದು ಹಾಕಿ ಇನ್ನೊಂದು ತೆಗೆದುಕೊಂಡೆ.

ಹನ್ನೊಂದು ದಿನದಿಂದ ನೀನು ಫೋನ್ ಮಾಡುತ್ತಿದ್ದೀಯ, ನಾನು ಎತ್ತುತ್ತಿಲ್ಲ. ಎತ್ತಿದರೆ ಏನಾಗುತ್ತದೆಂದು ಗೊತ್ತು. ನಾನು ಕೊಂಕಣಿಯಲ್ಲಿ ಬೈಯುತ್ತೇನೆ, ನೀನು ಮೂಗು ಸೊರಸೊರ ಮಾಡಿಕೊಂಡು ಅಳುತ್ತೀಯ, ಕೊನೆಗೆ ಇಬ್ಬರೂ ನಿನ್ನ ಭಾವ ಪಯಸ್ ಅವರ ಬಿಪಿ ಬಗ್ಗೆ ಮಾತಾಡಿ ಫೋನ್ ಇಡುತ್ತೇವೆ. ಈ ಸಲ ಹಾಗಾಗಕೂಡದು. ನಮ್ಮ ಜಗಳವೆಲ್ಲ ಕೊಂಕಣಿಯದು, ಕಾಗದ ಮಾತ್ರ ಕನ್ನಡದ್ದು. ಕಾನ್ವೆಂಟಿನಲ್ಲಿ ಟೀಚರು ಕಲಿಸಿದ್ದೇ ಹಾಗೆ. ಕಾಗದ ಅಂದರೆ ಯೋಚಿಸಿ ಬರೆದದ್ದು, ಆಮೇಲೆ ವಾಪಸು ತೆಗೆದುಕೊಳ್ಳುವ ಹಾಗಿಲ್ಲ.

ವಿಷಯಕ್ಕೆ ಬರುತ್ತೇನೆ. ಡಿಸೆಂಬರಿನಲ್ಲಿ ನಿನ್ನ ಮಗಳ ಮದುವೆಗೆ ನಾನು ಬರುವುದಿಲ್ಲ. ಹಿಂದಿನ ದಿನದ ರೋಸ್ ಶಾಸ್ತ್ರಕ್ಕೂ ಬರುವುದಿಲ್ಲ. ಮೆಲಿಷಾಳ ತಲೆಗೆ ತೆಂಗಿನ ಹಾಲು ಹಚ್ಚುವಾಗ ಮೊದಲು ಗಾಡ್‌ಮದರ್ ಕೈಯೇ ಬೀಳಬೇಕು, ಅಕ್ಕಾ ನೀನೇ ಶುರು ಮಾಡಬೇಕು ಅಂತ ಜನವರಿಯಿಂದ ಹೇಳುತ್ತಾ ಬಂದಿದ್ದೀಯಲ್ಲ, ಆ ಕೈಯನ್ನು ಬೇರೆ ಕಡೆ ಹುಡುಕಿಕೊ. ಸುಳ್ಳು ಹೇಳುವವರ ಮನೆಯಲ್ಲಿ ನನಗೆ ಕೆಲಸವಿಲ್ಲ.

ಕೋಪ ಬಂತಾ? ಬರಲಿ. ನನಗೆ ಬಂದಿರುವುದರಲ್ಲಿ ಕಾಲು ಭಾಗವೂ ಅದಲ್ಲ.

ಮೇ ಎಂಟನೇ ತಾರೀಕು, ಚುನಾವಣೆಗೆ ಎರಡು ದಿನ ಮುಂಚೆ, ನಿನ್ನ ಮನೆಯಲ್ಲಿ ಏನು ನಡೆಯಿತೆಂದು ನೆನಪಿಸುತ್ತೇನೆ. ಸನ್ನಾ, ಹಂದಿ ಮಾಂಸ, ಕೋಳಿ, ಮೇಲೆ ಐಸ್ ಕ್ರೀಮ್. ನನ್ನನ್ನು ಬಿಟ್ಟು ಇಪ್ಪತ್ತೆರಡು ಜನ, ಎಲ್ಲರೂ ಅದೇ ನೂರಾ ಹದಿನೆಂಟನೇ ಮತಗಟ್ಟೆಯವರು. ಊಟಕ್ಕೆ ಮುಂಚೆ ರೊಸಾರಿಯೊ ಜಪ ಮುಗಿಸಿ ನಾನು ಡಾಕ್ಟರ್ ನೆವಿಲ್ ಬಗ್ಗೆ ಮಾತಾಡಿದೆ. ಮಕ್ಕಳ ಡಾಕ್ಟರಾಗಿ ನಲವತ್ತು ವರ್ಷ ಕೆಲಸ ಮಾಡಿದ ಮನುಷ್ಯ, ಗರ್ಭಪಾತದ ವಿರುದ್ಧ ಬಾಯಿ ಬಿಟ್ಟು ಮಾತಾಡುವ ಒಬ್ಬನೇ ಒಬ್ಬ ಅಭ್ಯರ್ಥಿ, ಪಕ್ಷವಿಲ್ಲ, ದುಡ್ಡಿಲ್ಲ, ಹೊಲಿಗೆ ಯಂತ್ರದ ಗುರುತು. ಗೆಲ್ಲುತ್ತಾರೆ ಅಂತ ನಾನು ಹೇಳಲಿಲ್ಲ. ಹುಟ್ಟದ ಮಕ್ಕಳಿಗೆ ವೋಟಿಲ್ಲ, ಅವರ ಪರವಾಗಿ ನಮ್ಮದೊಂದು ಇರಲಿ ಅಂದೆ. ಎಲ್ಲರೂ ತಲೆಯಾಡಿಸಿದಿರಿ. ನಿನ್ನ ಗಂಡ ರಾಯನ್ ಅಂತೂ ಎದ್ದು ನಿಂತು, ಅಕ್ಕ ಸಮುದ್ರ ದಾಟಿ ಬಂದಿದ್ದಾರೆ, ನಾವು ರಸ್ತೆ ದಾಟಿ ಹೋಗಿ ಒತ್ತಲಿಕ್ಕೆ ಆಗುವುದಿಲ್ಲವಾ ಅಂತ ಭಾಷಣ ಬಿಗಿದ. ಒಬ್ಬೊಬ್ಬರೇ ನಿನ್ನ ಮನೆಯ ಆಲ್ತಾರಿನ ಶಿಲುಬೆ ಮುಟ್ಟಿ ಮಾತು ಕೊಟ್ಟಿರಿ. ನಾನು ಮುಟ್ಟಿ ಅನ್ನಲಿಲ್ಲ, ನೀವೇ ಮುಟ್ಟಿದಿರಿ.

ಬರುವುದು ನನಗೆ ಹುಡುಗಾಟವಾಗಿರಲಿಲ್ಲ, ಲಿನೆಟ್. ಹೊರದೇಶದಲ್ಲಿರುವ ನಮಗೆ ವೋಟು ಬೇಕಾದರೆ ಪಾಸ್‌ಪೋರ್ಟ್ ಹಿಡಿದುಕೊಂಡು ನಾವೇ ಬಂದು ನಿಲ್ಲಬೇಕು. ಇಲ್ಲಿಂದ ಬೆಂಗಳೂರು, ಅಲ್ಲಿಂದ ಬಸ್ಸು, ಘಾಟಿಯಲ್ಲಿ ಎರಡು ಸಲ ವಾಂತಿ. ಪಯಸ್ ಸ್ಟ್ರೋಕ್ ಆಗಿ ಮಲಗಿ ಮೂರು ವರ್ಷವಾಯಿತು. ಅವರನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಗಂಜಿ ತಿನ್ನಿಸುವವಳು ಮನೆಗೆಲಸಕ್ಕಿರುವ ಇಂಡೋನೇಷ್ಯಾದ ಯುಲಿ. ಅವಳಿಲ್ಲದಿದ್ದರೆ ನಾನು ಊರಿಗೆ ಬರುವುದಿರಲಿ, ಇಲ್ಲಿ ಆಫೀಸಿಗೆ ಹೋಗುವುದೂ ಸಾಧ್ಯವಿಲ್ಲ. ಅವಳ ಬಗ್ಗೆ ಕೇಳಿದ್ದೆಯಲ್ಲ, ಹೇಗಿದ್ದಾಳೆ ಅಂತ. ಚೆನ್ನಾಗಿದ್ದಾಳೆ. ಏಪ್ರಿಲ್ ಕೊನೆಗೆ ಅವಳ ಮೆಡಿಕಲ್ ಟೆಸ್ಟ್ ಪಾಸಾಯಿತು, ಕೆಲಸದ ಪರ್ಮಿಟ್ ಇನ್ನೊಂದು ವರ್ಷಕ್ಕೆ ಬಂತು. ಮೊದಲಿನ ಹಾಗೆ ಶನಿವಾರದ ಗುಂಪಿಗೆ ಮಾತ್ರ ಬರುತ್ತಿಲ್ಲ, ಮನೆಯಲ್ಲಿ ಕೆಲಸವಿದೆ ಅನ್ನುತ್ತಾಳೆ.

ಆ ಗುಂಪಿನ ಬಗ್ಗೆಯೂ ಹೇಳಿಬಿಡುತ್ತೇನೆ, ನಿಮಗೆಲ್ಲ ತಮಾಷೆ ಅದು. ಹನ್ನೆರಡು ವರ್ಷದಿಂದ ಪ್ರತಿ ತಿಂಗಳ ಮೊದಲ ಶನಿವಾರ ಇಲ್ಲಿಯ ಮಂಗಳೂರಿನವರೆಲ್ಲ ನಮ್ಮ ಮನೆಯಲ್ಲಿ ಸೇರಿ ಹುಟ್ಟದ ಮಕ್ಕಳಿಗಾಗಿ ಪ್ರಾರ್ಥನೆ ಮಾಡುತ್ತೇವೆ. ಆಮೇಲೆ ಕೂತು, ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಉಣ್ಣೆಯ ಟೋಪಿ ಹೆಣೆಯುತ್ತೇವೆ. ಆಸ್ಪತ್ರೆಗೆ ಕೊಡುತ್ತೇವೆ. ರಾಯನ್ ಒಮ್ಮೆ ಇಲ್ಲಿಗೆ ಬಂದಾಗ ಒಂದು ಟೋಪಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಕುಣಿಸಿದ್ದ. ಆವತ್ತೇ ನನಗೆ ಗೊತ್ತಾಗಬೇಕಿತ್ತು.

ಮೇ ಹದಿಮೂರಕ್ಕೆ ಫಲಿತಾಂಶ ಬಂತು. ಇಡೀ ಕ್ಷೇತ್ರದಲ್ಲಿ ಆರುನೂರ ಹನ್ನೊಂದು ವೋಟು. ಠೇವಣಿ ಹೋಯಿತು. ಬೇಜಾರಾಯಿತು, ಆದರೆ ಸೋತದ್ದಕ್ಕೆ ನಾನು ಯಾರನ್ನೂ ಬೈಯಲಿಲ್ಲ. ಆಮೇಲೆ ಇಪ್ಪತ್ತನಾಲ್ಕಕ್ಕೆ ಡಾಕ್ಟರ್ ನೆವಿಲ್, ಜೊತೆಗೆ ದುಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿ ಮತಗಟ್ಟೆವಾರು ಪಟ್ಟಿ ಕಳಿಸಿದರು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹುಡುಕಿದೆ. ನೂರಾ ಹದಿನೆಂಟು. ಹೊಲಿಗೆ ಯಂತ್ರ. ಒಂದು.

ಒಂದು, ಲಿನೆಟ್! ಸಾವಿರದ ಚಿಲ್ಲರೆ ಜನ ವೋಟು ಹಾಕಿದ ಮತಗಟ್ಟೆ ಅದು. ಶಿಲುಬೆ ಮುಟ್ಟಿದವರು ಇಪ್ಪತ್ತೆರಡು. ‘ಮೇಲಿನ ಯಾರೂ ಅಲ್ಲ’ ಅನ್ನುವುದಕ್ಕೂ ಅಲ್ಲಿ ಒಂಬತ್ತು ಬಿದ್ದಿದೆ. ಛೀ! ನಿಮ್ಮ ಮೋರೆಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ಐಸ್ ಕ್ರೀಮ್ ಕಪ್ಪಿನಿಂದ ತಲೆಯೆತ್ತಿ ಆಮೆನ್ ಅಂದ ಮೋರೆಗಳು.

ಪಟ್ಟಿಯ ಕೆಳಗೆ ಡಾಕ್ಟರು ನನಗೆಂದೇ ಎರಡು ಸಾಲು ಬರೆದಿದ್ದರು. ನಿಮ್ಮ ಮತಗಟ್ಟೆಯ ಆ ಒಂದು ವೋಟು ಯಾರದೆಂದು ನನಗೆ ಗೊತ್ತು, ಕೌಲಾಲಂಪುರದಿಂದ ಬಂದ ಆ ವೋಟಿಗಾಗಿಯೇ ನಿಂತದ್ದು ಸಾರ್ಥಕವಾಯಿತು ಅಂತ. ಅದನ್ನು ಅವರು ಗುಂಪಿಗೂ ಕಳಿಸಿದ್ದರು. ಇಲ್ಲಿ ಎಲ್ಲರೂ ಓದಿದರು.

ಅದೇ ದಿನ ನಾನು ಕುಟುಂಬದ ಗ್ರೂಪಿಗೆ ಆ ಪಟ್ಟಿ ಹಾಕಿದೆ, ಒಂದು ಮಾತೂ ಬರೆಯದೆ. ಇಪ್ಪತ್ತೊಂದು ಜನ ಬಾಯಿ ಹೊಲಿದುಕೊಂಡರು. ಆಮೇಲೆ ರಾಯನ್ ಬರೆದ: ಈ ಸಲ ವೋಟು ಹಾಳು ಮಾಡುವ ಕಾಲವಲ್ಲ ಅಕ್ಕಾ, ನೀವು ದೂರದಲ್ಲಿದ್ದೀರಿ, ಇಲ್ಲಿ ಇರುವವರು ನಾವು, ಚರ್ಚಿನ ಗಾಜು ಒಡೆದರೆ ಹೊಲಿಗೆ ಯಂತ್ರ ಬಂದು ಹೊಲಿಯುತ್ತದಾ ಅಂತ. ಕೇಳು, ಆ ಹೆದರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಹೆದರುವವನು ಹೆದರುತ್ತೇನೆ ಅನ್ನಲಿ. ಎಂಟನೇ ತಾರೀಕು ನನ್ನ ಮುಖ ನೋಡಿ ಹೇಳಿದ್ದರೆ ನಾನು ಅವನಿಗೆ ಇನ್ನೆರಡು ಸನ್ನಾ ಬಡಿಸುತ್ತಿದ್ದೆ. ಶಿಲುಬೆ ಮುಟ್ಟಿ ಮೂಗಿಗೆ ತುಪ್ಪ ಸವರಿದನಲ್ಲ, ಅದು ನನಗೆ ಜೀರ್ಣವಾಗುವುದಿಲ್ಲ.

ಈಗ ನಿನ್ನ ವಿಷಯ. ನೀನು ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ನನಗೊಬ್ಬಳಿಗೇ ಮೆಸೇಜ್ ಹಾಕಿದೆ: ಅಕ್ಕಾ, ಉಳಿದವರ ಕಥೆ ಗೊತ್ತಿಲ್ಲ, ನಾನು ಹೊಲಿಗೆ ಯಂತ್ರಕ್ಕೇ ಒತ್ತಿದ್ದೇನೆ, ಮಾಂಯ್‌ಯ ಜಪಮಾಲೆಯ ಆಣೆ ಅಂತ. ತೀರಿಹೋದ ತಾಯಿಯನ್ನು ಇದಕ್ಕೆ ಎಳೆದು ತಂದೆಯಲ್ಲ! ಒಂದು ಅಂದರೆ ಒಂದೇ ತಾನೆ? ಸಮುದ್ರ ದಾಟಿ ಬಂದವಳೊಬ್ಬಳಿದ್ದಾಳೆ, ಪಾಸ್‌ಪೋರ್ಟ್ ತೋರಿಸಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಫೋಟೋ ತೆಗೆದು ಕಳಿಸಿದವಳು. ಆ ಒಂದರಲ್ಲಿ ನಿನಗೆಲ್ಲಿಯ ಜಾಗ? ನಾನು ಅಷ್ಟೇ ಕೇಳಿದೆ. ನೀನು ಮತ್ತೆ ಮತ್ತೆ ಆಣೆ ಹಾಕಿದೆ. ಈಗ ರಾಯನ್ ನಿನ್ನನ್ನು ಎಲ್ಲರ ಎದುರು ರೇಗಿಸುತ್ತಾನಂತೆ. ಅಮ್ಮ ಯಾಕೆ ಸುಮ್ಮನೆ ಹಟ ಹಿಡಿದಿದ್ದಾರೆ, ಒಪ್ಪಿಕೊಂಡರೆ ಮುಗಿಯಿತಲ್ಲ ಆಂಟಿ ಅಂತ ಮೆಲಿಷಾ ನನಗೇ ಬರೆದಿದ್ದಾಳೆ. ನಿನ್ನ ಮಗಳೂ ನಿನ್ನನ್ನು ನಂಬುತ್ತಿಲ್ಲ. ಅದಕ್ಕೆ ನಾನು ಜವಾಬ್ದಾರಳಲ್ಲ.

ಇವತ್ತು ಇಲ್ಲಿ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಗುಂಪಿನವರು ನನಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಬೇಡ ಅಂದೆ. ಅಯ್ಯೋ, ಇರಲಿ ಲಾ, ನಮಗೂ ಒಂದು ಖುಷಿ ಬೇಡವಾ ಅಂದರು. ಶಾಲು ಹೊದಿಸಿದರು, ಕೇಕ್ ಕತ್ತರಿಸಿದರು, ಮಾಮಕ್ ಹೋಟೆಲಿನಿಂದ ತಪಾವ್ ಅಂತ ಕಟ್ಟಿಸಿಕೊಂಡು ತಂದ ರೋಟಿ ಚನಾಯಿ ಎಲ್ಲರಿಗೂ ಹಂಚಿದರು. ಗಾಜಿನ ಫಲಕದ ಮೇಲೆ ‘ಒಂದು ಮತ, ಒಂದು ಸಾಕ್ಷಿ’ ಅಂತ ಕೆತ್ತಿಸಿದ್ದಾರೆ. ಚಪ್ಪಾಳೆ ತಟ್ಟಿದರು. ನನ್ನ ಎಡಗೈ ಹಿಡಿದೆತ್ತಿ ಉಗುರಿನ ಬುಡದಲ್ಲಿ ಉಳಿದಿರುವ ಶಾಯಿಯನ್ನು ಚಿಕ್ಕ ಮಕ್ಕಳಿಗೆ ತೋರಿಸಿದರು. ಮನೆಗೆ ಬಂದಾಗ ಯುಲಿ ಆ ಫಲಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿಲ್ಲದ್ದಕ್ಕೆ ತನ್ನ ಟೀ ಶರ್ಟಿನ ತುದಿಯಿಂದಲೇ ಒರೆಸಿ, ಆಲ್ತಾರಿನ ಪಕ್ಕದಲ್ಲಿಟ್ಟಳು. ಏನು ಬರೆದಿದೆ ಮಾಮ್ ಅಂತ ಕೇಳಿದಳು. ಏನಿಲ್ಲ ಅಂದೆ.

ಅಷ್ಟೇ. ಮದುವೆಗೆ ಹೊಸ ಗಾಡ್‌ಮದರ್ ನೋಡಿಕೊ. ನನ್ನ ಉಡುಗೊರೆ ಕೊರಿಯರಿನಲ್ಲಿ ಬರುತ್ತದೆ.

ನಿನ್ನ ಅಕ್ಕ,
ಬ್ಲಾಂಚ್

ತಾ.ಕ.

ಲಕೋಟೆ ಅಂಟಿಸಿದ್ದೆ. ಬಿಚ್ಚಿದೆ. ವಾಪಸು ತೆಗೆದುಕೊಳ್ಳುವ ಹಾಗಿಲ್ಲ ಅಂತ ಬರೆದವಳೇ ತೆಗೆದುಕೊಳ್ಳುತ್ತಿದ್ದೇನೆ, ಓದು.

ಆ ಒಂದು ವೋಟು ನನ್ನದಲ್ಲ.

ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದು, ನನ್ನದು ಅಂತ ಎಲ್ಲೂ ಹೇಳಿಲ್ಲ. ಎಷ್ಟು ಹುಷಾರಾಗಿ ಬರೆದಿದ್ದೇನೆ ನೋಡು! ನಾನು ಒತ್ತಿದ್ದು ಕಟ್ಟಕಡೆಯದು, ಮೇಲಿನ ಯಾರೂ ಅಲ್ಲ ಅನ್ನುವುದು. ಆ ಒಂಬತ್ತರಲ್ಲಿ ಒಂದು ನಾನು. ಹೊಲಿಗೆ ಯಂತ್ರದ ಮೇಲೆ ಬೆರಳಿಟ್ಟಿದ್ದೆ, ಒತ್ತಲಾಗಲಿಲ್ಲ. ಆಫೀಸರು, ಬೇಗ ಮೇಡಂ ಅಂದರು. ಚೀಟಿ ಕಿಟಕಿಯಲ್ಲಿ ಕಾಣಿಸಿಕೊಂಡು ಬೀಳುವವರೆಗೆ ನೋಡುತ್ತಾ ನಿಂತಿದ್ದೆ.

ಯಾಕೆಂದು ಹೇಳುತ್ತೇನೆ, ಹೇಳಿದರೆ ನಿನಗೊಬ್ಬಳಿಗೇ. ಮಾರ್ಚಿನಲ್ಲಿ, ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ, ಯುಲಿ ಅಡುಗೆಮನೆಯಲ್ಲಿ ನನ್ನ ಮುಂದೆ ನಿಂತು, ತನಗೆ ಎರಡು ತಿಂಗಳು ಅಂದಳು. ಅವರ ಫ್ಲೋರೆಸ್ ದ್ವೀಪದವನೇ ಒಬ್ಬ ಗಾರೆ ಕೆಲಸದವನು, ಒಳ್ಳೆಯವನಂತೆ. ಮೂವತ್ತೆಂಟು ವರ್ಷದ ಹೆಂಗಸು, ಏನೂ ತಿಳಿಯದವಳಲ್ಲ. ಇಲ್ಲಿ ಮನೆಗೆಲಸದವಳು ಬಸುರಿಯಾಗಿದ್ದು ಮೆಡಿಕಲ್‌ನಲ್ಲಿ ಗೊತ್ತಾದರೆ ಪರ್ಮಿಟ್ ಇಲ್ಲ, ವಾಪಸು ಕಳಿಸುತ್ತಾರೆ. ಅದು ಅವಳಿಗೂ ಗೊತ್ತು. ಆದರೂ ನನ್ನ ಹತ್ತಿರ ಬಂದಳು, ಯಾಕೆಂದರೆ ಆ ಶನಿವಾರಗಳಲ್ಲಿ ನಮ್ಮೆಲ್ಲರಿಗಿಂತ ಬೇಗ ಟೋಪಿ ಹೆಣೆಯುತ್ತಿದ್ದವಳು ಅವಳು. ಈ ಮನೆಯಲ್ಲಿ ಇದಕ್ಕೊಂದು ದಾರಿ ಸಿಗುತ್ತದೆ ಅಂತ ನಂಬಿದ್ದಳು. ಮಾಮ್ ಹೇಗೆ ಹೇಳಿದರೆ ಹಾಗೆ ಅಂದಳು.

ನಾನು ಏನು ಹೇಳಿದೆ ಗೊತ್ತಾ? ಏಪ್ರಿಲ್ ಕೊನೆಗೆ ಮೆಡಿಕಲ್ ಇದೆ, ನೆನಪಿದೆಯಲ್ಲ ಅಂದೆ. ಆಮೇಲೆ, ಮೂರು ದಿನ ರಜೆ ತಗೋ ಅಂದೆ. ಅವಳು ರಜೆ ಕೇಳಿರಲಿಲ್ಲ. ಊರಿಗೆ ಹೋಗು, ಹೆತ್ತುಕೊಂಡು ಬಾ, ಅಲ್ಲಿಯವರೆಗೆ ನಾನೇ ಪಯಸ್ ಅವರನ್ನು ನೋಡಿಕೊಳ್ಳುತ್ತೇನೆ ಅನ್ನಬಹುದಿತ್ತು. ಅವರನ್ನು ಎತ್ತುವುದು ಯಾರು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಮೂರು ದಿನ ಬಿಟ್ಟು ಬಂದಳು, ಮುಖ ಬಿಳಿಚಿಕೊಂಡಿತ್ತು. ಎಲ್ಲಿಗೆ ಹೋಗಿದ್ದೆ ಅಂತ ನಾನು ಕೇಳಲಿಲ್ಲ. ಬಂದವಳೇ ಪಯಸ್ ಅವರಿಗೆ ಸ್ನಾನ ಮಾಡಿಸಿದಳು.

ಹುಟ್ಟದ ಮಕ್ಕಳ ಪರವಾಗಿ ನಮ್ಮದೊಂದು ವೋಟಿರಲಿ ಅಂತ ನಿಮಗೆ ಉಪದೇಶ ಮಾಡಿದವಳು ಇದೇ ನಾನು. ನಂಬಿಕೆ ಹೋಗಿಲ್ಲ ನನಗೆ, ಲಿನೆಟ್, ಆ ಮಗುವೂ ಮಗುವೇ ಅಂತ ಇವತ್ತಿಗೂ ನಂಬುತ್ತೇನೆ. ನಂಬುವುದರಿಂದಲೇ ಒತ್ತಲಾಗಲಿಲ್ಲ.

ನೀನು ಸುಳ್ಳು ಹೇಳಲಿಲ್ಲ. ನೀನು ಆಣೆ ಹಾಕಿದ ಕ್ಷಣದಿಂದ ನನಗದು ಗೊತ್ತು. ಹನ್ನೊಂದು ದಿನ ಗೊತ್ತಿದ್ದೂ ನಿನ್ನನ್ನು ಸುಳ್ಳಿ ಮಾಡಿದೆ, ನಿನ್ನ ಮಗಳ ಎದುರಿಗೂ ಮಾಡಿದೆ. ಇವತ್ತು ಶಾಲು ಹೊದ್ದುಕೊಂಡೆ. ಯುಲಿಯ ವಿಷಯ ನಿನ್ನ ಹೊಟ್ಟೆಯಲ್ಲಿರಲಿ, ಅದು ಅವಳದು. ವೋಟಿನ ವಿಷಯ ಮಾತ್ರ ರಾಯನ್‌ಗೆ ಹೇಳು, ಮೆಲಿಷಾಗೆ ಹೇಳು, ಇಡೀ ಊರಿಗೆ ಹೇಳು. ಡಾಕ್ಟರಿಗೆ ನಾನೇ ಬರೆಯುತ್ತೇನೆ.

ಮದುವೆಗೆ ಬರುವುದಿಲ್ಲ ಅಂದದ್ದು ನಿನ್ನ ಮೇಲಿನ ಕೋಪಕ್ಕಲ್ಲ. ಈ ಕೈಯನ್ನು ಮೆಲಿಷಾಳ ತಲೆಯ ಮೇಲಿಡಲು ನನಗೆ ಹೆದರಿಕೆ. ಕರೆದರೆ ಬಂದು ಹಿಂದೆ ನಿಲ್ಲುತ್ತೇನೆ. ತೆಂಗಿನ ಹಾಲು ಮೊದಲು ನೀನೇ ಹಚ್ಚು, ಆ ಮತಗಟ್ಟೆಯಲ್ಲಿ ಮಾತು ಉಳಿಸಿಕೊಂಡ ಕೈ ನಿನ್ನದೊಂದೇ.