ಮುಚ್ಚಲಾಗದ ಪುಸ್ತಕ

ಲಷ್ಕರ್ ಮೊಹಲ್ಲಾ, ಮೈಸೂರು
೧೯-೮-೧೯೫೮

ಚಿರಂಜೀವಿ ಸಿದ್ದರಾಜುವಿಗೆ ನಿನ್ನ ಅಪ್ಪ ದೇವಯ್ಯನ ಆಶೀರ್ವಾದಗಳು.

ಹುಬ್ಬಳ್ಳಿಯ ಊಟ ನಿನಗೆ ಒಗ್ಗಿತೇ? ಪ್ರೆಸ್ಸಿನ ಸೀಸದ ಅಕ್ಷರ ಮುಟ್ಟಿದ ಕೈ, ಚೆನ್ನಾಗಿ ತೊಳೆದುಕೊಂಡು ಉಣ್ಣು. ನಿನ್ನ ಅವ್ವನ ಮಂಡಿನೋವು ಇಳಿದಿದೆ. ನಾನೂ ಗಟ್ಟಿಯಾಗಿದ್ದೇನೆ. ಎರಡು ವರ್ಷದಿಂದ ಕಾಗದ ಬರೆಯದ ಅಪ್ಪ ಈಗೇಕೆ ಬರೆದ ಎಂದು ಹುಬ್ಬೇರಿಸಬೇಡ, ಹೇಳುತ್ತೇನೆ.

ಭಾನುವಾರ ಮಧ್ಯಾಹ್ನ ಮರಿಯಯ್ಯನವರ ಜಗಲಿಯಲ್ಲಿ ನಾನು ಕಾವ್ಯ ಓದುವುದು ನಿನಗೆ ಗೊತ್ತಿದ್ದದ್ದೇ. ಮೊನ್ನೆ ಅವಸರದಲ್ಲಿ ಕಂದು ಕಾಗದದ ಹೊದಿಕೆ ನೋಡಿ, ನನ್ನ ಕಾವ್ಯವೇ ಎಂದುಕೊಂಡು ಬೇರೆ ಪುಸ್ತಕ ಎತ್ತಿಕೊಂಡು ಹೋದೆ. ಅಲ್ಲಿ ಬಿಚ್ಚಿದರೆ ಮೊದಲ ಹಾಳೆಯಲ್ಲಿ ನಿನ್ನ ಕೈಬರಹ: ‘ಅವ್ವನಿಗೆ, ನಾನು ಬರೆದದ್ದು’. ನೀನು ಗುಟ್ಟಾಗಿ ಕಳಿಸಿದ್ದ ಪತ್ತೇದಾರಿ ಕಾದಂಬರಿ. ಲೇಖಕನ ಜಾಗದಲ್ಲಿ ಯಾವನದೋ ಹೆಸರು. ‘ಕೊಲೆ ಕಥೆಗೆ ನಮ್ಮ ಮನೆ ಹೆಸರು ಅಂಟಿಸಬ್ಯಾಡ’ ಎಂದು ನಾನೇ ಅಂದಿದ್ದೆನಲ್ಲ, ನೀನು ಹಾಗೇ ನಡೆದುಕೊಂಡಿದ್ದೀಯೆ.

ಎದುರಿಗೆ ಜನ ಕೂತಿದ್ದರು. ಬೇರೆ ದಾರಿ ಕಾಣದೆ ಮೊದಲ ಸಾಲು ಓದಿಬಿಟ್ಟೆ. ಅಕ್ಕಿ ಗಿರಣಿಯ ಮಾಲೀಕ ತನ್ನ ಕೋಣೆಯಲ್ಲಿ ಹೆಣವಾಗಿದ್ದ. ಅಲ್ಲಿಗೆ ಸಿಕ್ಕಿಬಿದ್ದೆ. ಸಾವಿನ ಪ್ರಸಂಗದಲ್ಲಿ ಪುಸ್ತಕ ಮುಚ್ಚಬಾರದು, ಒಳ್ಳೆಯದೊಂದು ಬರುವವರೆಗೆ ಓದಲೇಬೇಕು ಎಂಬುದು ನಮ್ಮ ಪದ್ಧತಿ. ಮುಂದಿನ ಪುಟದಲ್ಲಿ ಬಂದೀತು ಎಂದು ಓದಿದರೆ ಅಲ್ಲಿ ಇನ್ನೊಂದು ಹೆಣ. ಅದರಾಚೆ, ಬಡಪಾಯಿ ಕಾವಲುಗಾರನ ಕೈಗೆ ಕೋಳ. ಎರಡನೇ ಪದ್ಯಕ್ಕೇ ತೂಕಡಿಸುವ ಮರಿಯಯ್ಯನವರು ಗೋಡೆ ಬಿಟ್ಟು ನೆಟ್ಟಗೆ ಕೂತು, ‘ನಿಲ್ಲಿಸ್ಬುಡಬ್ಯಾಡಿ ಮೇಷ್ಟ್ರೇ, ಆ ಕಾವಲುಗಾರ ಮಾಡಿಲ್ಲ ಕಣ್ರೀ’ ಎಂದರು. ಅಷ್ಟು ಹೊತ್ತಿಗೆ ನನಗೂ ಪದ್ಧತಿ ಗಿದ್ಧತಿ ಮರೆತುಹೋಗಿತ್ತು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಪುಟ ಮುಟ್ಟಿದೆವು.

ಆ ಛತ್ರಿಯ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಥೆಯಲ್ಲಿ ದಿನವಿಡೀ ಜಡಿಮಳೆ. ಸುದ್ದಿ ಕೇಳಿ ದೂರದಿಂದ ಓಡಿಬಂದೆ ಎನ್ನುವ ಮಾಲೀಕನ ಭಾವಮೈದುನ ಛತ್ರಿಯನ್ನು ಹಾಸಿಗೆಯ ಮೇಲಿಡುತ್ತಾನೆ, ಹಾಸಿಗೆ ಒದ್ದೆಯಾಗುವುದಿಲ್ಲ. ಮೂರನೇ ಪುಟದಲ್ಲೇ, ನಮ್ಮ ಕಣ್ಣೆದುರೇ ಬರೆದಿದ್ದೀಯೆ. ಮೂವತ್ತು ವರ್ಷ ಒಂದೊಂದು ಪದ ಹಿಡಿದು ಅರ್ಥ ಬಿಡಿಸಿದ ನಾನು ಅದನ್ನು ಗಟ್ಟಿಯಾಗಿ ಓದಿಯೂ ಗಮನಿಸಲಿಲ್ಲ. ಕೊಂದವನು ಅವನೇ, ಮೊದಲಿನಿಂದಲೂ ಮನೆಯೊಳಗೇ ಇದ್ದ ಎಂದು ಕೊನೆಗೆ ತಿಳಿದಾಗ ಮೈ ಜುಮ್ಮೆಂದಿತು. ಹಾಗಾಗುವುದು ಹಳೆಯ ಕಾವ್ಯದಲ್ಲಿ ಮಾತ್ರ ಎಂದುಕೊಂಡಿದ್ದೆ. ನಿನ್ನ ವಿದ್ಯೆಗೆ ಬೆರಗಾಗಿದ್ದೇನೆ ಮಗಾ.

ಬರೆದವರು ಯಾರು ಎಂದು ಎಲ್ಲರೂ ಕೇಳಿದರು. ನಾನು ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದುಬಿಟ್ಟೆ. ಮನೆಗೆ ಬಂದು ನಿನ್ನ ಅವ್ವನ ಮುಂದೆ ಅತ್ತೆ.

ಅವಳೂ ನಿನ್ನನ್ನು ಹರಸಿದ್ದಾಳೆ. ಹೊತ್ತು ಹೊತ್ತಿಗೆ ಉಣ್ಣು, ಕಣ್ಣು ಜೋಪಾನ.

ಇಂತಿ ನಿನ್ನ ಅಪ್ಪ,
ದೇವಯ್ಯ

ವಿ.ಸೂ.: ಟಪಾಲು ಹೊರಡುವ ಹೊತ್ತಾಯಿತು. ಇಂದು ಬೆಳಗ್ಗೆ ಮರಿಯಯ್ಯನವರ ಮನೆಗೆ ಹೋಗಿ, ಬರೆದವನು ನನ್ನ ಮಗ ಎಂದು ಹೇಳಿದೆ. ರಟ್ಟಿನ ಮೇಲೆ ಬೇರೆ ಹೆಸರಿದೆಯಲ್ಲ ಎಂದು ಅವರು ನಂಬಲೇ ಇಲ್ಲ. ಮುಂದಿನದಕ್ಕೆ ‘ದೇ. ಸಿದ್ದರಾಜು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸು. ನನ್ನ ‘ದೇ’ ಬಿಟ್ಟುಹೋಗಬಾರದು.